ಊಟ ಬಡಿಸುವ ಪಂಪಿಗೆ ಒಂದು ಶನಿವಾರದ ರಜೆ

ಮಾನ್ಯ ಪಂಪ್ ಮಹಾಶಯರೇ,

ಸೆಗೆಡ್ ಊರಿನ ಬಾರ್ತೋಶ್ ವಿಲ್ಮೊಶ್ ಟೋಪಿ ತೆಗೆದು ಮಾಡುವ ನಮಸ್ಕಾರಗಳು. ಆದ್ದರಿಂದ, ನಿನ್ನೆ ತಮ್ಮೊಡನೆ ಜಗಳ ನಿಲ್ಲಿಸಿದಲ್ಲಿಂದಲೇ ಹೇಳುವುದಾದರೆ, ನನ್ನ ಮೊಮ್ಮಗಳು ಚೆಂಗೆ ಒಂದೂವರೆ ಸೆಂಟಿಮೀಟರ್ ಬೆಳೆದ ಕೀರ್ತಿಯನ್ನೆಲ್ಲ ತಾವೊಬ್ಬರೇ ಜೇಬಿಗಿಳಿಸಿದ್ದು ಸಭ್ಯರಿಗೆ ತಕ್ಕುದಲ್ಲ. ಹುಟ್ಟಿದ ವಾರದಲ್ಲೇ ಕರುಳಿನ ಬಹುಪಾಲು ಕಳೆದುಕೊಂಡ ಅವಳಿಗೆ ಏಳು ವರ್ಷಗಳಿಂದ ಪ್ರತಿರಾತ್ರಿ ಎದೆಯ ನಳಿಕೆಯಿಂದ ನೇರ ರಕ್ತಕ್ಕೇ ಊಟ ಬಡಿಸಿದ್ದೀರಿ. ಒಂದು ದಿನವೂ ಉಪ್ಪು ಕಮ್ಮಿ ಎನಿಸಿಕೊಂಡವರಲ್ಲ. ತೀರಿಹೋದ ನನ್ನ ಹೆಂಡತಿ ಇಲೋನಾಳಿಗೂ ಆ ಭಾಗ್ಯವಿರಲಿಲ್ಲ, ಉಪ್ಪು ಕಮ್ಮಿ ಅನ್ನುತ್ತಿದ್ದವನು ನಾನೇ. ಆದರೆ ತಾವು ವಿದೇಶದವರೆಂದು ಕಾಲೇಜಿನ ಇಂಗ್ಲಿಷನ್ನು ಹೆಕ್ಕಿ 'ಹೌ ಡು ಯು ಡು' ಎಂದರೆ ಬರೀ ಕೀಂಯ್ ಎನ್ನುತ್ತೀರಲ್ಲ, ಇದ್ಯಾವ ಮರ್ಯಾದೆ?

ಈಸ್ಟರ್ ಸೋಮವಾರ ಗಂಡಸರು ಪದ್ಯ ಹೇಳಿ ನೀರು ಚಿಮುಕಿಸದಿದ್ದರೆ ಹೆಣ್ಣುಮಕ್ಕಳು ಹೂಗಿಡದಂತೆ ಬಾಡುತ್ತಾರೆಂಬ ನಮ್ಮೂರಿನ ನಂಬಿಕೆ ತಮಗೂ ಗೊತ್ತು. ಆಸ್ಪತ್ರೆಯ ನಕ್ಷೆಯಲ್ಲಿ ಚೆಂಗೆಯ ಬೆಳವಣಿಗೆಯ ಗೆರೆ ಮೇಲೇರಿದರೆ ವಾರಕ್ಕೊಂದು ರಾತ್ರಿ ತಮ್ಮಿಂದ ಬಿಡುಗಡೆ, ಗೆಳತಿ ಜೋಫಿಯ ಮನೆಯಲ್ಲಿ ಮಲಗಬಹುದು ಎಂದಿದ್ದರು ಡಾಕ್ಟರಮ್ಮ. ಗೆರೆಯೋ ವರ್ಷದಿಂದ ಅಲುಗಿರಲಿಲ್ಲ. ಹಾಗಾಗಿ ಈ ಈಸ್ಟರಿಗೆ ಹೂಜಿ ತುಂಬಿಕೊಂಡೇ ಬಂದೆ. ಮಗಳು ಇಲ್ದಿಕೋ ಕಿರುಚಿದಳು: "ಅಪ್ಪಾ! ನಳಿಕೆ ಹತ್ರ ಹನಿ ಬಿದ್ರೂ ಸೋಂಕು, ಮತ್ತೆ ಆಸ್ಪತ್ರೆ! ಬುದ್ಧಿ ಎಲ್ಲಿ ಮೇಯೋಕೆ ಹೋಗಿದೆ?"

ಚೆಂಗೆ ಮಾತ್ರ ಕಾಲ್ಚೀಲ ಕಳಚಿದಳು. "ತಾತ, ಗಿಡಕ್ಕೆ ನೀರು ಹಾಕೋದು ಬುಡಕ್ಕಲ್ವಾ? ಬಾ, ಹಾಕು."

ಅಂದಿನಿಂದ ಪ್ರತಿ ಸೋಮವಾರ ಅವಳು ಬೋಗುಣಿಯೊಳಗೆ ನಿಲ್ಲುತ್ತಾಳೆ, ನಾನು ಪದ್ಯ ಹೇಳಿ ಪಾದಕ್ಕೆ ನೀರೆರೆಯುತ್ತೇನೆ, ಅವಳು ಕಚಗುಳಿಗೆ ಕುಣಿದು ನನ್ನನ್ನೇ ತೋಯಿಸುತ್ತಾಳೆ. ಮೊನ್ನೆ ಗೆರೆ ಏರಿದಾಗ ಡಾಕ್ಟರಮ್ಮ ಹೊಗಳಿದ್ದು ಯಾರನ್ನು? ತಮ್ಮನ್ನು!

"ಡಾಕ್ಟ್ರೇ, ಪಂಪಲ್ಲ, ಹೂಜಿ," ಎಂದಳು ಚೆಂಗೆ.

"ಎರಡನ್ನೂ ಬಿಡಬೇಡ ಕಣೇ," ಎಂದು ನಕ್ಕ ಡಾಕ್ಟರಮ್ಮ ಶನಿವಾರದ ರಜೆ ಬರೆದುಕೊಟ್ಟರು.

ಆದುದರಿಂದ ತಾವು ಕೀರ್ತಿಯಲ್ಲಿ ಅರ್ಧವನ್ನು ಹೂಜಿಗೆ ಬಿಟ್ಟುಕೊಡಬೇಕಾಗಿಯೂ, ಭಾನುವಾರ ನನ್ನ ಕೋಳಿ ಸಾರಿನ ಮುಂದೆ ಕೂತು ವಾಸನೆಯನ್ನಾದರೂ ನೋಡಬೇಕಾಗಿಯೂ, ಮುಂದಿನ ಈಸ್ಟರಿಗೆ ತಾವೇ ಪದ್ಯ ಹೇಳಬೇಕಾಗಿಯೂ ಸವಿನಯ ವಿನಂತಿ.

ಅರೆ, ಬೆಳಕು ಇಳಿಯಿತಲ್ಲ! ತಮ್ಮನ್ನು ಜೋಡಿಸುವ ಹೊತ್ತೆಂದು ಎದ್ದು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದೆ. ತಾವು ಮೇಜಿನ ಮೇಲೆ ತೆಪ್ಪಗಿದ್ದೀರಿ. ಚೆಂಗೆ ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಜೋಫಿಯ ಮನೆಗೆ ಓಡಿ ಎರಡು ಗಂಟೆಯಾಯಿತು.

ಕೈ ತೊಳೆದು ಕೆಲಸವಿಲ್ಲದೆ ನಿಂತ,
ತಮ್ಮ ವಿಶ್ವಾಸಿ,
ಬಾರ್ತೋಶ್ ವಿಲ್ಮೊಶ್

ವಿ.ಸೂ.: ನಾಳೆ ಸಂಜೆ ತಪ್ಪದೆ ಹಾಜರಾಗಿ. ಗೆರೆ ಇನ್ನೂ ಏರಿದರೆ ಬುಧವಾರವೂ ರಜೆಯಂತೆ. ತಾವು ಎಷ್ಟು ಚೆನ್ನಾಗಿ ಬಡಿಸುತ್ತೀರೋ ಅಷ್ಟು ಬೇಗ ತಮ್ಮ ನೌಕರಿ ಹೋಗುತ್ತದೆ. ದಯವಿಟ್ಟು ಚೆನ್ನಾಗಿಯೇ ಬಡಿಸಿ.