ನಮ್ಮತ್ತೆಯ ನೀರುಹಲ್ಲಿ: ಗಂಡೋ ಹೆಣ್ಣೋ?

ನಮ್ಮತ್ತೆಗೆ ತಲೆ ಕೆಟ್ಟಿದೆ ಎಂದು ನಂಜನಗೂಡಿನ ಅವಳ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ! ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆ ಬೇಡವೆಂದು ಹೇಳಿ, ರವಿಕೆ ಹೊಲಿಯುವ ಅಂಗಡಿ ಇಟ್ಟು, ಐವತ್ತು ದಾಟಿದ ಮೇಲೂ ಯಾರಿಗೂ ಸೊಪ್ಪು ಹಾಕದೆ ಬದುಕುತ್ತಿರುವವಳು. ಬಣ್ಣದ ಮೀನು ತರುತ್ತೇನೆಂದು ಮೈಸೂರಿಗೆ ಹೋದವಳು ಒಂದು ಜೊತೆ ನೀರುಹಲ್ಲಿ ಹಿಡಿದುಕೊಂಡು ಬಂದಳು. ಅಂಗಡಿಯವನು ಅದನ್ನು ‘ನ್ಯೂಟ್’ ಎಂದನಂತೆ. ಬೆನ್ನೆಲ್ಲ ಕಪ್ಪು, ಹೊಟ್ಟೆ ಮಾತ್ರ ಕೆಂಡದ ಬಣ್ಣ, ಚಪ್ಪಟೆ ಬಾಲ. ನೋಡಿದವರು ಬೆಚ್ಚಿ ಹಿಂದೆ ಸರಿಯದಿದ್ದರೆ ಅತ್ತೆಗೇ ಬೇಸರ!

“ಹಲ್ಲಿ ಮೈಮ್ಯಾಲೆ ಬಿದ್ರೇ ತಲೆಗೆ ನೀರು ಉಯ್ಕೋಬೇಕು. ನೀನು ಸಾಕ್ತಾ ಇದ್ದೀಯಲ್ಲವ್ವ!” ಎಂದಳು ಪಕ್ಕದ ಮನೆಯಾಕೆ.

“ಅವು ಮೂರೊತ್ತೂ ನೀರಲ್ಲೇ ಇರ್ತವೆ. ನಿಮಗಿಂತ ಮಡಿ ಕಣ್ರೀ!”

ಬೇಸಿಗೆಯಲ್ಲಿ ಅವಕ್ಕೆ ಸೆಕೆಯಾಗಬಾರದೆಂದು ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗಳನ್ನು ಗಾಜಿನ ತೊಟ್ಟಿಗೆ ಇಳಿಬಿಡುತ್ತಿದ್ದಳು. ನಾವು ಹೋದರೆ ನಲ್ಲಿ ನೀರೇ ಗತಿ!

ಹೆಸರಿಡಬೇಕೆಂದಾಗ ಪ್ರಶ್ನೆ ಎದ್ದಿತು. ಗಂಡು ಯಾವುದು, ಹೆಣ್ಣು ಯಾವುದು? ಊರ ಹೆಂಗಸರನ್ನೆಲ್ಲ ಕಣ್ಣಳತೆಯಲ್ಲೇ ಅಳೆಯುವವಳಿಗೆ ಎರಡು ಹಲ್ಲಿಗಳು ಸೋಲಿನ ರುಚಿ ತೋರಿಸಿದವು. ಗಾಜಿಗೆ ಟೇಪು ಹಿಡಿದರೆ ಬಾಲ ತಿರುಗಿಸಿ ಹೊರಟೇಬಿಡುತ್ತಿದ್ದವು.

ತಿ. ನರಸೀಪುರದಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ, ಅತ್ತೆಯ ಹಿರಿಯಣ್ಣ. ಹಸುವಿನ ನಡಿಗೆ ನೋಡಿಯೇ ಹೊಟ್ಟೆಯಲ್ಲಿರುವುದು ಹೋರಿಗರುವೋ ಹೆಣ್ಣುಗರುವೋ ಹೇಳುತ್ತಾರೆ. ಅರ್ಧ ಸಲ ಸರಿಯೂ ಆಗುತ್ತದೆ! ಸರಿ, ಉಪ್ಪಿನಕಾಯಿ ಭರಣಿಯಂಥ ಗಾಜಿನ ಬಾಟಲಿಯಲ್ಲಿ ನೀರುಹಲ್ಲಿಗಳನ್ನು ತುಂಬಿಕೊಂಡು ಅತ್ತೆ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು.

“ಏನವ್ವಾ ಅದು, ಔಷ್ದೀನಾ?” ಎಂದ ಪಕ್ಕದ ಸೀಟಿನವನು.

“ನೆಂಟ್ರು. ನರಸೀಪುರಕ್ಕೆ ಓಯ್ತಾವ್ರೆ.”

ಆತ ಎದ್ದು ನಿಂತೇ ಪ್ರಯಾಣ ಮಾಡಿದ!

ದೊಡ್ಡಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ತೀರ್ಪು ಕೊಟ್ಟರು. “ಎರಡೂ ಗಂಡೇ ಕಣಮ್ಮಿ.”

“ಎಂಗೆ ಯೇಳ್ತೀಯ ಅಣ್ಣಯ್ಯ?”

“ಏನು ಧಿಮಾಕಿಂದ ನೋಡ್ತಾವೆ ನೋಡು!”

“ಅಂಗಾದ್ರೆ ನಾನೂ ಗಂಡೇಯ!”

“ಅದು ನಮಗೆಲ್ಲಾ ಗೊತ್ತಿರೋದೇ. ಸುಮ್ಕೆ ಒಳೆ ನೀರಿಗೆ ಬಿಟ್ಬುಡು ಇವೆರಡ್ನೂವೆ.”

“ಬಿಡಕಿಲ್ಲ. ಒಂದು ಹೆಣ್ಣೇಯ. ತೋರಿಸ್ತೀನಿ.”

ಅಂದಿನಿಂದ ಹೊಲಿಗೆ ಯಂತ್ರ ತೊಟ್ಟಿಯ ಎದುರಿಗೇ ಬಂತು. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ನೀರಿನ ಮೇಲೆ. ಎಷ್ಟು ರವಿಕೆಗಳ ತೋಳು ಅದಲುಬದಲಾದವೋ ದೇವರೇ ಬಲ್ಲ! ಚಳಿಗಾಲದ ಹೊತ್ತಿಗೆ ಒಂದರ ಬಾಲದ ಬುಡದಲ್ಲಿ, ಕೆಳಗೆ, ದುಂಡನೆಯ ಉಬ್ಬು ಎದ್ದಿತು. ಇನ್ನೊಂದಕ್ಕೆ ಉಬ್ಬಿಲ್ಲ; ಮೈ ದಪ್ಪ, ಬಾಲ ಉದ್ದ. ಉಬ್ಬಿನವನು ದಪ್ಪನೆಯವಳ ಮುಂದೆ ಅಡ್ಡ ನಿಂತು, ಬಾಲ ಬಾಗಿಸಿ ಪಟಪಟನೆ ಅಲುಗಿಸುತ್ತಿದ್ದ. ಅವಳು ಮುಖ ತಿರುಗಿಸಿ ನಡೆಯುತ್ತಿದ್ದಳು.

“ನೋಡ್ಲಾ, ಕ್ಯಾರೇ ಅನ್ನಲ್ಲ!” ಅತ್ತೆಗೆ ಹೆಮ್ಮೆಯೋ ಹೆಮ್ಮೆ.

ಫೋನಿನಲ್ಲಿ ದೊಡ್ಡಪ್ಪ ಒಪ್ಪಲಿಲ್ಲ. “ಉಬ್ಬಿದ್ರೆ ಕಾಯಿಲೆ ಇರ್ಬೇಕು” ಎಂದರು.

ಒಂದು ಬೆಳಿಗ್ಗೆ ನಾನು ಅಲ್ಲೇ ಇದ್ದೆ. ದಪ್ಪನೆಯದು ನೀರುಗಿಡದ ಎಲೆಯೊಂದನ್ನು ಹಿಂಗಾಲುಗಳಿಂದ ಮಡಚಿ ಹಿಡಿದು ಅಲುಗಾಡದೆ ನಿಂತಿತ್ತು. ಅದು ಬಿಟ್ಟು ಹೋದ ಮೇಲೆ ನೋಡಿದರೆ, ಮಡಿಕೆಯೊಳಗೆ ಸಾಸಿವೆಯಷ್ಟು ದೊಡ್ಡ ಮೊಟ್ಟೆ!

“ಹೆಣ್ಣು! ಹೆಣ್ಣು ಕಣೋ!” ಅತ್ತೆಯ ಕೂಗಿಗೆ ಬೀದಿಯೇ ಬಾಗಿಲಿಗೆ ಬಂತು. ಬಂದವರ ಕೈಗೆಲ್ಲ ಸಕ್ಕರೆ ಹಾಕಿದಳು. ಉಳಿದದ್ದನ್ನು ಡಬ್ಬಿಯಲ್ಲಿ ತುಂಬಿಕೊಂಡು ಮತ್ತೆ ನರಸೀಪುರದ ಬಸ್ಸು.

ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು. “ಹಲ್ಲಿ ಮೊಟ್ಟೆ ಇಕ್ಕಿದ್ದಕ್ಕೆ ಸಕ್ರೆ ಅಂಚ್ತಾರೇನಮ್ಮಿ?”

“ಮೊಟ್ಟೆಗಲ್ಲ ಅಣ್ಣಯ್ಯ. ಹೆಣ್ಣು ಅಂತ ಗೊತ್ತಾಯ್ತಲ್ಲ, ಅದಕ್ಕೆ. ನಾ ಹುಟ್ಟಿದಾಗ ಹೆಣ್ಣು ಅಂದೇಟ್ಗೆ ಅಪ್ಪ ತಂದಿದ್ದ ಸಕ್ರೆ ಪೊಟ್ಣ ಬಿಚ್ಚಲೇ ಇಲ್ವಂತಲ್ಲ. ನೀನೇ ಯೇಳಿದ್ದೆ.”

ದೊಡ್ಡಪ್ಪನ ನಗು ನಿಂತಿತು. ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಒಂದು ಚಿಟಿಕೆ ಸಕ್ಕರೆ ತೆಗೆದರು. ತಮ್ಮ ಬಾಯಿಗೆ ಹಾಕಿಕೊಳ್ಳಲಿಲ್ಲ.

“ಬಾಯಿ ತಗಿಯವ್ವ” ಎಂದರು.

ಅತ್ತೆ ಕಣ್ಣು ಮುಚ್ಚಿ, ಚಿಕ್ಕ ಮಗುವಿನಂತೆ ಬಾಯಿ ತೆರೆದಳು.