ಚಿಗವ್ವನ ಉಪಯೋಗದ ವರದಿ

ನಮ್ಮ ಚಿಗವ್ವನಿಗೆ ಗ್ರಂಥಾಲಯದಲ್ಲಿ ಸಹಿಸಲಾಗದ ಸಂಗತಿ ಒಂದೇ ಒಂದಿತ್ತು: ಓದುಗರು. ಪುಸ್ತಕಗಳಾದರೆ ಇಟ್ಟಲ್ಲಿ ಇರುತ್ತವೆ, ಕೆಮ್ಮುವುದಿಲ್ಲ, ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚಿಕೊಳ್ಳುವುದಿಲ್ಲ. ಓದುಗರು ಇದೆಲ್ಲವನ್ನೂ ಮಾಡುತ್ತಾರೆ, ಮೇಲೆ ಪುಸ್ತಕವನ್ನೂ ಕೇಳುತ್ತಾರೆ. ಹಾಗಿದ್ದೂ ಬನಹಟ್ಟಿಯ ಒಂದು ಓಣಿಯಲ್ಲಿ, ಎರಡೂ ಬದಿಯ ಪವರ್‌ಲೂಮುಗಳ ಖಟಖಟದ ನಡುವೆ, ಒಂದೇ ಕೋಣೆಯ ಶಾಖಾ ಗ್ರಂಥಾಲಯವನ್ನು ಅವಳು ಇಪ್ಪತ್ತೈದು ವರ್ಷ ನೋಡಿಕೊಂಡಳು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ನಿಶ್ಶಬ್ದ’ ಎಂದು ಬರೆಸಿದ್ದಳು. ಮಗ್ಗಗಳಿಗೆ ಓದಲು ಬರುವುದಿಲ್ಲವೆಂಬುದು ಅವಳ ದೊಡ್ಡ ಕೊರಗು.

ಚಿಗವ್ವ ನನ್ನ ಕಾಕಾನ ಹೆಂಡತಿ. ಮುಧೋಳದಲ್ಲಿ ಸಾಲಿ ಮಾಸ್ತರನಾಗಿರುವ ನಾನು ರಜೆಗೆ ಬಂದಾಗಲೆಲ್ಲ ಆ ಗ್ರಂಥಾಲಯದ ಸುದ್ದಿ ಕೇಳಬೇಕಾಗುತ್ತಿತ್ತು. ಸುದ್ದಿ ವರ್ಷದಿಂದ ವರ್ಷಕ್ಕೆ ಕೆಡುತ್ತಾ ಬಂತು. ಅನುದಾನ ಕಡಿಮೆಯಾಯಿತೆಂದು ಮೇಲಿನ ಕಚೇರಿಯವರು ಮೊದಲು ಹೊಸ ಪುಸ್ತಕ ನಿಲ್ಲಿಸಿದರು, ಆಮೇಲೆ ಏಳು ಪತ್ರಿಕೆಗಳನ್ನು ಎರಡಕ್ಕೆ ಇಳಿಸಿದರು. ಬೆಳಿಗ್ಗೆ ಬರುವ ನೇಕಾರರು ಹನ್ನೆರಡು ಮಂದಿ, ಪತ್ರಿಕೆ ಎರಡು. ಚಿಗವ್ವ ಎರಡನ್ನೂ ಬಿಡಿ ಹಾಳೆ ಮಾಡಿ ತಲೆಗೊಂದು ಕೊಟ್ಟಳು. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವಳು, ಹಾಳೆ ಪಕ್ಕದವನಿಗೆ ದಾಟಬೇಕು. ಮಿಲ್ಲಿನ ಪಾಳಿಗೆ ಹೊತ್ತಾಯಿತೆಂದು ಎಲ್ಲರೂ ಅರ್ಧಕ್ಕೇ ಎದ್ದು ಹೋಗುವುದರಿಂದ ಯಾರಿಗೂ ಪೂರ್ತಿ ಪತ್ರಿಕೆ ಸಿಗುತ್ತಿರಲಿಲ್ಲ.

ಒಬ್ಬ ಮುದಿ ನೇಕಾರ ಒಂದು ದಿನ ದೂರು ತಂದ.

“ಅಕ್ಕಾರ, ಎಂಟು ದಿನ ಆತು, ನನ್ನ ಪಾಲಿಗೆ ಬರೇ ತೀರಿಕೊಂಡವರ ಹಾಳೀನ ಬರಾಕತ್ತೈತಿ. ಬದುಕಿದವರ ಸುದ್ದಿ ಯಾವಾಗ ಬರ್ತೈತ್ರಿ?”

“ಸರತಿ ಪ್ರಕಾರ ಬರ್ತೈತಿ. ಸುಮ್ನ ಓದ್ರಿ.”

ಆ ವರ್ಷ ಮುಗಿಯುವುದರೊಳಗೆ ಆತನ ಫೋಟೊ ಅದೇ ಹಾಳೆಯಲ್ಲಿ ಬಂತು. ಅಂದು ಚಿಗವ್ವ ಗಂಟೆ ಬಾರಿಸಲಿಲ್ಲ. ಯಾರ ಕೈಗೆ ಯಾವ ಹಾಳೆ ಬಂದಿತ್ತೋ ಅದನ್ನೇ ಹಿಡಿದು ಎಲ್ಲರೂ ಕುಳಿತಿದ್ದರಂತೆ.

ಕೊನೆಗೆ ಆ ಪತ್ರ ಬಂತು. ಶಾಖೆಯಿಂದ ಜನರಿಗೆ ಏನು ಉಪಯೋಗವಾಗಿದೆ ಎಂಬುದನ್ನು ಪುರಾವೆ ಸಹಿತ ಒಂದು ತಿಂಗಳೊಳಗೆ ತಿಳಿಸಬೇಕು. ಇಲ್ಲವಾದರೆ ಶಾಖೆ ಮುಚ್ಚಿ, ಪುಸ್ತಕಗಳನ್ನು ಜಮಖಂಡಿಗೆ ಒಯ್ಯಲಾಗುವುದು. ಓದುಗರ ಹಾಜರಿ ಪುಸ್ತಕದಲ್ಲಿ ನಾಲ್ಕು ಸುಳ್ಳು ಹೆಸರು ಬರೆದು ಕಳಿಸಿದರಾಯಿತು ಎಂದು ನಾನು ಉಪಾಯ ಹೇಳಿದೆ. ಮಾಸ್ತರನಲ್ಲವೇ, ಹಾಜರಿ ತುಂಬುವುದು ಗೊತ್ತು. ಚಿಗವ್ವ ಕನ್ನಡಕದ ಮೇಲಿಂದ ನೋಡಿದಳು.

“ಸುಳ್ಳ ಹೆಸರು ಬರದ್ರ, ನಾಳೆ ಪುಸ್ತಕ ಕಳದಾಗ ಯಾರನ್ನ ಹುಡುಕ್ಲಿ?”

ಅವಳಿಗೆ ಉಪಯೋಗ ಎಂದರೆ ಉಪಯೋಗ. ಅದನ್ನು ಉಪಯೋಗಿಸಿದವರನ್ನೇ ಕೇಳಬೇಕು. ಹೀಗಾಗಿ ಆ ಬೇಸಿಗೆ ರಜೆಯೆಲ್ಲ ನನ್ನ ಬೈಕಿನ ಹಿಂದೆ ಕುಳಿತು, ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು, ಬನಹಟ್ಟಿ ರಬಕವಿಯ ಓಣಿಗಳನ್ನೆಲ್ಲ ಸುತ್ತಿದಳು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: “ನಮ್ಮ ಗ್ರಂಥಾಲಯದಿಂದ ನಿಮಗೇನು ಉಪಯೋಗ ಆಗೇತಿ? ಖರೆ ಹೇಳ್ರಿ.”

ಜನ ಖರೆಯನ್ನೇ ಹೇಳಿದರು. ಒಬ್ಬ, ಫ್ಯಾನಿನ ಗಾಳಿ ಎಂದ. ಬರೆದುಕೊಂಡಳು. ಅಲ್ಲಿ ಓದಿಯೇ ಪೊಲೀಸ್ ಕೆಲಸ ಸಿಕ್ಕಿತೆಂದು ಒಬ್ಬ ಹುಡುಗಿ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಚಿಗವ್ವ ಆಶೀರ್ವಾದಕ್ಕೂ ಮೊದಲು, ಮರಳಿ ಕೊಡದ ಸಾಮಾನ್ಯ ಜ್ಞಾನದ ಪುಸ್ತಕ ಕೇಳಿದಳು. ಇನ್ನೊಂದು ಮನೆಯಲ್ಲಿ ದಪ್ಪನೆಯ ಕಾದಂಬರಿಯೊಂದು ಮಗ್ಗದ ಕಾಲಿನ ಕೆಳಗಿತ್ತು. “ತಗೀಬ್ಯಾಡ್ರಿ ಅಕ್ಕಾರ, ಮಗ್ಗ ಕುಣಿತೈತಿ” ಎಂದು ಮನೆಯವನು ಅಂಗಲಾಚಿದ. ಇಟ್ಟಂಗಿ ಇಡಿಸಿ ಪುಸ್ತಕ ಎಳೆದುಕೊಂಡಳು, ಆದರೆ ‘ಆರು ವರ್ಷ ಮಗ್ಗವನ್ನು ಅಲುಗದಂತೆ ಹಿಡಿದಿದೆ’ ಎಂದು ನ್ಯಾಯವಾಗಿ ನಮೂದಿಸಿದಳು.

ಹೀಗೆ ನಗುನಗುತ್ತ ಹೋದವನು ಒಂದು ಮನೆಯಲ್ಲಿ ನಗು ನಿಲ್ಲಿಸಬೇಕಾಯಿತು. ನಡುವಯಸ್ಸಿನ ಆ ಮನುಷ್ಯ ನಮ್ಮನ್ನು ಅಂಗಳದಿಂದ ದೂರ ಕರೆದೊಯ್ದು ಹೇಳಿದ.

“ಮಿಲ್ಲು ಬಂದಾದಾಗ ಮನ್ಯಾಗ ಹೇಳಿದ್ದಿಲ್ರಿ. ದಿನಾ ಬುತ್ತಿ ಕಟಗೊಂಡು ಕೆಲಸಕ್ಕ ಹೊಂಟಂಗ ಹೊಂಡತಿದ್ದೆ. ಎಂಟು ತಿಂಗಳು ಗ್ರಂಥಾಲಯದಾಗ ಕುಂತೆ. ಒಂದ ಪುಸ್ತಕ, ಒಂದ ಪುಟ, ಓದಿದ್ದಿಲ್ಲ. ಅಕ್ಕಾರಿಗೆ ಗೊತ್ತಿತ್ತು. ಒಂದಿನಾನೂ ಏನೂ ಕೇಳಲಿಲ್ಲ. ಅಲ್ಲಿ ಕುಂಡ್ರಾಕ ಜಾಗಾ ಇದ್ದಿದ್ದಿಲ್ಲಂದ್ರ ನಾ ಹೊಳಿ ಕಡೆ ಹೋಗ್ತಿದ್ದೆ.”

ನಾನು ಚಿಗವ್ವನ ಮುಖ ನೋಡಿದೆ. ಅವಳು ಬರೆಯುತ್ತಲೇ ಇದ್ದಳು.

“ಬುತ್ತಿ ಒಳಗ ಉಣಬ್ಯಾಡ ಅಂತ ಹೇಳಿದ್ದೆ. ಉಂಡಿ. ಅದನ್ನೂ ಬರೀತೇನಿ.”

ಎರಡು ನೋಟುಬುಕ್ಕು ತುಂಬಿದವು, ಜಮಖಂಡಿಯ ಕಚೇರಿಗೆ ಒಯ್ದೆವು. ಅಲ್ಲಿಯ ಸಾಹೇಬರು ಒಳ್ಳೆಯವರೇ. ಕುಳಿತು ಕೊನೆಯ ಪುಟದತನಕ ಓದಿದರು. ನಡುವೆ ನಕ್ಕರು, ನಡುವೆ ಹಿಂದಿನ ಪುಟಕ್ಕೆ ತಿರುವಿ ಮತ್ತೊಮ್ಮೆ ಓದಿದರು.

“ಅಕ್ಕಾರ, ಇದೆಲ್ಲ ಖರೆ ಐತಿ. ಆದ್ರ ಮ್ಯಾಲೆ ಕಳಸೋ ಫಾರ್ಮಿನಾಗ ಇದನ್ನ ಬರಿಯಾಕ ಕಾಲಮ್ ಇಲ್ರಿ.”

“ಹಂಗಾರ ಒಂದು ಕಾಲಮ್ ಎಳೀರಿ. ಸ್ಕೇಲ್ ಕೊಡ್ಲೇನು?”

ಕಾಲಮ್ ಎಳೆಯುವುದು ಅವರ ಕೈಯಲ್ಲಿರಲಿಲ್ಲ. ಮಳೆಗಾಲಕ್ಕೆ ಮೊದಲು ಶಾಖೆ ಮುಚ್ಚಿತು. ಪುಸ್ತಕ ಒಯ್ಯಲು ಟೆಂಪೊ ಬಂದ ದಿನ ಸಾಹೇಬರೂ ಬಂದಿದ್ದರು. ಚಿಗವ್ವ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ಪುಸ್ತಕ ಎರವಲು ಕೊಡುವ ರಿಜಿಸ್ಟರು ಮುಂದಿಟ್ಟಳು. ಇದ್ದಬದ್ದ ಪುಸ್ತಕಗಳನ್ನೆಲ್ಲ ಒಬ್ಬನೇ ಓದುಗನ ಹೆಸರಿಗೆ ಬರೆದಿದ್ದಳು.

“ನಿಯಮದ ಪ್ರಕಾರ ಒಬ್ಬರಿಗೆ ಎರಡ ಪುಸ್ತಕ. ನಿಮ್ಮ ಸಲುವಾಗಿ ಸಡಿಲ ಮಾಡೇನಿ. ಸಹಿ ಮಾಡ್ರಿ. ಹದಿನೈದು ದಿನದಾಗ ಮರಳಿ ಕೊಡಬೇಕು.”

ಕನಿಕರಕ್ಕೋ ಹೆದರಿಕೆಗೋ, ಸಾಹೇಬರು ಸಹಿ ಮಾಡಿದರು.

ಹದಿನಾರನೆಯ ದಿನ ಚಿಗವ್ವ ಜಮಖಂಡಿಯ ಬಸ್ಸು ಹತ್ತಿದಳು. ಜಗಳವಾದರೆ ಬಿಡಿಸಲಿಕ್ಕೆಂದು ನಾನೂ ಹೋದೆ. ಕಚೇರಿಯ ಹಿಂದಿನ ಕೋಣೆಯಲ್ಲಿ ನಮ್ಮ ಪುಸ್ತಕಗಳು ಹಗ್ಗ ಬಿಗಿದ ಗಂಟುಗಳಾಗಿ ಬಿದ್ದಿದ್ದವು. ಚಿಗವ್ವ ಜಗಳವಾಡಲಿಲ್ಲ. ಹಗ್ಗ ಬೈಂಡಿಂಗನ್ನು ಕೊರೆಯುತ್ತದೆಂದು ಒಂದೊಂದೇ ಗಂಟು ಸಡಿಲಿಸುತ್ತ ಹೋದಳು. ಸಾಹೇಬರು ಬಂದು ನಿಂತು ಕೇಳಿದರು.

“ಅಷ್ಟು ಮಂದೀದು ಬರದೀರಿ. ನಿಮಗೇನು ಉಪಯೋಗ ಆತು ಅಂತ ಆ ವರದ್ಯಾಗ ಎಲ್ಲೂ ಇಲ್ಲಲ್ರಿ ಅಕ್ಕಾರ.”

ಹಗ್ಗದ ಮೇಲಿನ ಕೈ ನಿಂತಿತು.

“ನಮ್ಮ ಮನಿಯವರು ತೀರಿದಾಗ ನನಗ ಇಪ್ಪತ್ನಾಕು. ಮನಿ ತುಂಬ ಮಂದಿ ಇದ್ರು, ನನ್ನ ಕೂಡ ಯಾರೂ ಮಾತಾಡ್ತಿದ್ದಿಲ್ಲ. ಊಟಕ್ಕ ಕರೀತಿದ್ರು, ಅಷ್ಟ. ಈ ಕೆಲಸಕ್ಕ ಬಂದ ಮೊದಲನೇ ದಿನ ಒಬ್ಬಾಂವ ಬಂದು, ‘ಇವತ್ತಿನ ಪೇಪರ್ ಬಂದೈತೇನ್ರಿ’ ಅಂತ ಕೇಳಿದ. ‘ಬಂದೈತಿ’ ಅಂದೆ. ನನ್ನ ದನಿ ನನಗ ಗುರ್ತ ಸಿಗಲಿಲ್ರಿ ಸಾಹೇಬ್ರ.”

ಆ ಮನೆ ನಮ್ಮದು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಬಾಗಿಲ ಹೊರಗೇ ನಿಂತು, “ಊಟಕ್ಕ ಕರದಾರ” ಎಂದು ಕೂಗಿ ಓಡುತ್ತಿದ್ದವನು ನಾನೇ.

ಮರಳಿ ಬರುವ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕುಳಿತೆ. ಆಮೇಲೆ ಕೇಳಿದೆ.

“ಚಿಗವ್ವಾ, ಅಷ್ಟೂ ಪುಸ್ತಕದಾಗ ನಿನಗ ಯಾವುದು ಛಲೋ ಅನಸ್ತು?”

ಅವಳು ಕಿಟಕಿಯ ಕಡೆಗಿದ್ದ ಮುಖವನ್ನು ತಿರುಗಿಸಿ ನನ್ನನ್ನು ನೋಡಿದಳು. ಬಳಿಕ ಶುರು ಮಾಡಿದಳು. ಬನಹಟ್ಟಿ ಬಂತು, ಎಲ್ಲರೂ ಇಳಿದರು. ಅವಳದಿನ್ನೂ ಮೊದಲನೇ ಕಪಾಟು ಮುಗಿದಿರಲಿಲ್ಲ. ಇಬ್ಬರೂ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತೆವು.