ಮುಂದಿನ ಎಡ ಚಕ್ರದ ಆರು ನಟ್ಟುಗಳು

ಭೌತಶಾಸ್ತ್ರ ಓದಿದವನಿಗೆ ಕುವೈತಿನಲ್ಲಿ ಮಾನ ಹೋಗುವ ಸಂದರ್ಭಗಳಿಗೆ ಬರವಿರಲಿಲ್ಲ. ಯುದ್ಧ ಬಂದ ಮೇಲೂ ಅವು ನಿಲ್ಲಲಿಲ್ಲ.

೧. ಹೆಸರು

ಬಿ.ಎಸ್ಸಿ. ಮುಗಿಸಿ ಮೀನಾ ಅಬ್ದುಲ್ಲಾದ ಒಂದು ಗುತ್ತಿಗೆ ಕಂಪನಿಯ ಗ್ಯಾರೇಜಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಮೆಕ್ಯಾನಿಕ್ ಉಳ್ಳಾಲದ ಬ್ಯಾರಿ, ಎಲ್ಲರಿಗೂ ಕಾಕ. ನಟ್ಟು ಬಿಗಿಯಾಗಿದ್ದರೆ ಸ್ಪ್ಯಾನರಿಗೆ ಪೈಪು ತೂರಿಸುತ್ತಿದ್ದರು. ಹಿಡಿ ಉದ್ದವಾದಷ್ಟೂ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚು ಎಂದು ವಿವರಿಸಿದೆ.

“ಅದಕ್ಕೆ ಹೆಸರೂ ಉಂಟಾ?” ಎಂದರು. “ನಾನು ಇಪ್ಪತ್ತು ವರ್ಷದಿಂದ ಪೈಪು ಅಂತಲೇ ಹೇಳ್ತಿದ್ದೇನೆ. ಬಿಚ್ತಾ ಉಂಟಲ್ಲ.”

ಅಂದಿನಿಂದ ನಾನು ಮಾಸ್ಟ್ರು.

೨. ಸೊನ್ನೆ

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು, ನಮ್ಮ ವೀಸಾಕ್ಕೆ ಜವಾಬ್ದಾರನಾದ ಕಫೀಲ್ ಕಾಣೆಯಾದ. ಕ್ಯಾಂಪಿನಲ್ಲಿ ಉಳಿದ ಮೂವತ್ತು ಜನಕ್ಕೆ ಒಂದು ಹಳೆಯ ಜಪಾನಿ ಲಾರಿ. ಕೊನೆಗೊಂದು ದಿನ ಸುದ್ದಿ ಬಂತು: ಮರುದಿನ ಬೆಳಗ್ಗೆ ನಮ್ಮವರ ವಾಹನಗಳೆಲ್ಲ ಒಟ್ಟಾಗಿ ಇರಾಕ್ ದಾಟಿ ಜೋರ್ಡಾನ್ ಗಡಿಗೆ ಹೊರಡುವುದಿತ್ತು. ತಪ್ಪಿದರೆ ಮರುಭೂಮಿಯಲ್ಲಿ ಒಂಟಿಯಾಗಿ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಲಾರಿಯ ಮುಂದಿನ ಎಡ ಚಕ್ರ ಪಂಕ್ಚರ್. ಡೀಸೆಲ್ ಹುಡುಕಲು ಹೊರಟ ಕಾಕ, “ನಾನು ಬರುವವರೆಗೆ ಮುಟ್ಟಬೇಡಿ” ಎಂದರು.

ಮುಟ್ಟಿದೆವು. ಒಂದು ಗಂಟೆ ಮೂವರು ಪೈಪಿಗೆ ಜೋತುಬಿದ್ದರು. ನಟ್ಟು ಅಲುಗಲಿಲ್ಲ.

“ಟಾರ್ಕ್ ಎಷ್ಟೇ ಇರಲಿ, ತಿರುಗದಿದ್ದರೆ ಮಾಡಿದ ಕೆಲಸ ಸೊನ್ನೆ,” ಎಂದೆ.

ಜೋತುಬಿದ್ದವರಲ್ಲಿ ಅಡುಗೆಯವನೂ ಒಬ್ಬ. ಬೆವರು ಒರೆಸಿಕೊಂಡ. ಮಧ್ಯಾಹ್ನ ನನ್ನ ಸರದಿ ಬಂದಾಗ ಅನ್ನ ಮುಗಿದಿತ್ತು. ಖಾಲಿ ಪಾತ್ರೆಯಲ್ಲಿ ಸೌಟನ್ನು ಒಂದು ಸುತ್ತು ತಿರುಗಿಸಿದ.

“ತಿರುಗಿತಲ್ಲ ಮಾಸ್ಟ್ರೇ? ಕೆಲಸ ಆಯ್ತು. ಉಣ್ಣಿ.”

೩. ಕಾಲು ಸುತ್ತು

ಸಂಜೆ ಎರಡರಷ್ಟು ಉದ್ದದ ಪೈಪು ತಂದು, ಲೆಕ್ಕ ಹಾಕಿ, ಐವರನ್ನು ನಿಲ್ಲಿಸಿದೆ. ನಟ್ಟು ಕಾಲು ಸುತ್ತು ತಿರುಗಿತು. “ಈಗ ಕೆಲಸ ಆಗ್ತಿದೆ, ಯಲ್ಲಾ, ಎಳೀರಿ,” ಎಂದೆ. ಮತ್ತೊಮ್ಮೆ ಎಳೆದಾಗ ಬೋಲ್ಟು ಮುರಿದು ನಟ್ಟಿನ ಸಮೇತ ಕೈಗೆ ಬಂತು.

ಕಾಕ ಎರಡು ಕ್ಯಾನು ಡೀಸೆಲ್ ಹಿಡಿದು ಬಂದರು. ನಟ್ಟನ್ನು ನೋಡಿದರು, ನನ್ನನ್ನು ನೋಡಿದರು.

“ಯಾವ ಕಡೆ ತಿರುಗಿಸಿದ್ರಿ?”

ತೋರಿಸಿದೆ.

“ಈ ಲಾರಿಯಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ಮಾಸ್ಟ್ರೇ. ನೀವು ಬೆಳಗ್ಗಿಂದ ಬಿಗಿ ಮಾಡ್ತಾ ಇದ್ರಿ.”

ಟಾರ್ಕಿಗೆ ದಿಕ್ಕೂ ಇದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

“ಹಾಗಾದ್ರೆ ಇದು ಸೊನ್ನೆಗಿಂತಲೂ ಕಡಿಮೆ ಅಲ್ವಾ?” ಎಂದು ಅಡುಗೆಯವನು ಕೇಳಿದ. ಅವನ ಲೆಕ್ಕ ಸರಿ ಇತ್ತು.

ಕಾಕ ಉಳಿದ ಐದನ್ನೂ ಒಬ್ಬರೇ ಬಿಚ್ಚಿ ಚಕ್ರ ಬದಲಿಸಿದರು. ಬೆಳಗ್ಗೆ ಐದೇ ನಟ್ಟುಗಳ ಮೇಲೆ ಎಲ್ಲರ ಜೊತೆ ಹೊರಟೆವು. ನಿಂತಲ್ಲೆಲ್ಲ ಇಳಿದು ಅವುಗಳನ್ನು ಬಿಗಿ ಮಾಡುವುದು ನನಗೆ ಶಿಕ್ಷೆ. ಗಡಿ ಮುಟ್ಟುವವರೆಗೂ, ನಾನು ಸ್ಪ್ಯಾನರ್ ಎತ್ತಿದ ಕೂಡಲೇ ಲಾರಿಯ ಮೇಲೆ ಕುಳಿತ ಇಪ್ಪತ್ತೊಂಬತ್ತು ಜನರೂ ಒಟ್ಟಿಗೆ ಕೈ ಚಾಚಿ, ಯಾವ ಕಡೆ ಎಂದು ಗಾಳಿಯಲ್ಲಿ ಸುತ್ತಿ ತೋರಿಸುತ್ತಿದ್ದರು.